ಹಸುಗೂಸಿನ ನೆತ್ತಿ, ಹರಳೆಣ್ಣೆ ಮತ್ತು ಒಂದು ಹಸಿರು ಗೆರೆ

ಹಸುಗೂಸಿನ ನೆತ್ತಿಯ ಮೇಲೆ ನೀವು ಎಂದಾದರೂ ಅಂಗೈ ಇಟ್ಟು ನೋಡಿದ್ದೀರೋ ಇಲ್ಲವೋ ನಾನರಿಯೆ. ಇಡುವುದಾದರೆ ಬೆರಳ ತುದಿಯಿಂದ ಒತ್ತಬೇಡಿ; ಅಂಗೈಯ ನಡುಭಾಗವನ್ನು ಹಗುರವಾಗಿ ಊರಿ ಒಂದು ಗಳಿಗೆ ಸುಮ್ಮನಿರಿ. ಹಣೆಯಿಂದ ತುಸು ಮೇಲೆ, ಎಲುಬು ಇನ್ನೂ ಕೂಡಿಕೊಳ್ಳದ ಆ ಮೆತ್ತನೆಯ ಜಾಗ ನಿಮ್ಮ ಕೈಯಡಿಯಲ್ಲಿ ಸಣ್ಣಗೆ ಏರುತ್ತದೆ, ಇಳಿಯುತ್ತದೆ. ಬಡಿತ ಹೃದಯದ್ದು, ಬಡಿಯುತ್ತಿರುವ ಜಾಗ ಮಾತ್ರ ತಲೆಯದು. ಮನುಷ್ಯನ ಹೃದಯವೂ ಮೆದುಳೂ ಒಂದೇ ಅಂಗೈಗೆ ಸಿಗುವ ಠಾವು ಅದೊಂದೇ; ಅದೂ ಒಂದೂವರೆ ವರ್ಷದ ಮಟ್ಟಿಗೆ. ಆಮೇಲೆ ಎಲುಬು ಕೂಡಿಕೊಳ್ಳುತ್ತದೆ, ಬಾಗಿಲು ಮುಚ್ಚುತ್ತದೆ, ಒಳಗೆ ಏನು ನಡೆಯುತ್ತಿದೆ ಎಂಬುದು ಅವರವರ ಗುಟ್ಟಾಗುತ್ತದೆ.

ನಮ್ಮ ಅಮ್ಮ ಮನೆಯ ಪ್ರತಿ ಕೂಸಿಗೂ ಆ ಜಾಗಕ್ಕೆ ಹರಳೆಣ್ಣೆ ಇಡುತ್ತಿದ್ದಳು. ಅಂಗೈ ಗುಳಿಯಲ್ಲಿ ಎಣ್ಣೆ ಹುಯ್ದುಕೊಂಡು, ಇನ್ನೊಂದು ಕೈಯಿಂದ ಮುಚ್ಚಿ ಬೆಚ್ಚಗಾಗುವವರೆಗೆ ಕಾದು, ನೆತ್ತಿಗೆ ಇಟ್ಟು ತಟ್ಟುವಳು. ಏಕೆಂದು ಕೇಳಿದರೆ ‘ತಂಪಾಗಲಿ’ ಎಂದಷ್ಟೇ ಉತ್ತರ. ಬೆಚ್ಚಗಿನ ಎಣ್ಣೆಯಿಂದ ತಂಪು ಹೇಗಾಗುತ್ತದೆ ಎಂದು ನಾನು ಕೇಳಲಿಲ್ಲ. ಮುಂದೆ ಪ್ರಶ್ನೆ ಕೇಳುವುದೇ ಹೊಟ್ಟೆಪಾಡಾದವನಿಗೆ ಆ ವಯಸ್ಸಿನಲ್ಲಿ ಅಷ್ಟೂ ತೋಚಲಿಲ್ಲವೆಂಬುದು ಈಗ ಸೋಜಿಗ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಒಂದು ದಿನಪತ್ರಿಕೆಗೆ ಚಿತ್ರದುರ್ಗದ ವರದಿಗಾರನಾಗಿದ್ದೆ. ಕಂಡದ್ದನ್ನು ಕಂಡೆನೆಂದು ಬರೆ, ಕೇಳಿದ್ದನ್ನು ಯಾರ ಬಾಯಿಂದ ಕೇಳಿದೆಯೆಂದು ಬರೆ, ಎರಡೂ ಅಲ್ಲದ್ದನ್ನು ಬರೆಯಬೇಡ ಎಂಬುದು ನನಗೆ ಕೆಲಸ ಕಲಿಸಿದ ಹಿರಿಯರ ಕಟ್ಟಳೆ. ಆ ಕಟ್ಟಳೆಯನ್ನು ನಾನು ಮುರಿದದ್ದು ಕಡಿಮೆ. ಮುರಿದ ಒಂದು ಸಂದರ್ಭವನ್ನೇ ಈಗ ಹೇಳಹೊರಟಿದ್ದೇನೆ.

ಊರಿನ ಒಂದು ಸಣ್ಣ ಮಕ್ಕಳ ಆಸ್ಪತ್ರೆಗೆ ಹೊಸ ಯಂತ್ರವೊಂದು ಬಂದಿತ್ತು. ಆಸ್ಪತ್ರೆಯ ಡಾಕ್ಟರು ಸುಶೀಲಮ್ಮ, ಹಿರಿಯೂರಿನ ಕಡೆಯವರು. ಮದರಾಸಿನಲ್ಲಿ ಕೆಲವು ಕಾಲ ಕೆಲಸ ಮಾಡಿ, ಅಲ್ಲಿನ ಯಾರೋ ಬಳಸಿ ಬಿಟ್ಟುಕೊಟ್ಟ ಹಳೆಯ ಅಲ್ಟ್ರಾಸೌಂಡ್ ಪೆಟ್ಟಿಗೆಯನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಿಕ್ಕಜಾಜೂರಿನಲ್ಲಿ ಇಳಿದು ತಂದಿದ್ದರು. ಹಾರ್ಮೋನಿಯಂ ಪೆಟ್ಟಿಗೆಯಷ್ಟು ಗಾತ್ರ, ಮುಂದೆ ಅಂಗೈಯಗಲದ ಗಾಜು, ಗಾಜಿನಲ್ಲಿ ಒಂದು ಹಸಿರು ಗೆರೆ, ತಂತಿಯ ತುದಿಯಲ್ಲಿ ಹೆಬ್ಬೆರಳಷ್ಟು ದಪ್ಪದ ಒಂದು ಕಡ್ಡಿ. ನಮ್ಮ ಕೋಟೆಯ ಬಂಡೆಗಳ ನಡುವೆ ನಿಂತು ಕೂಗಿದರೆ ಕೂಗು ತಿರುಗಿ ಬರುತ್ತದಲ್ಲ, ಹತ್ತಿರದ ಬಂಡೆಯಿಂದ ಬೇಗ, ದೂರದ ಬಂಡೆಯಿಂದ ತಡವಾಗಿ, ಅದೇ ಲೆಕ್ಕ. ಕಡ್ಡಿಯನ್ನು ಮಗುವಿನ ಕಿವಿಯ ಮೇಲುಗಡೆ ಇಟ್ಟರೆ ನಮ್ಮ ಕಿವಿಗೆ ಕೇಳದ ಒಂದು ಸದ್ದು ತಲೆಯೊಳಗೆ ಹೋಗುತ್ತದೆ. ಎದುರಾದ ಪ್ರತಿ ಗೋಡೆಯಿಂದಲೂ ಮಾರ್ದನಿ ಹಿಂದಿರುಗುತ್ತದೆ. ಬಂದ ಪ್ರತಿ ಮಾರ್ದನಿಗೂ ಹಸಿರು ಗೆರೆಯ ಮೇಲೆ ಒಂದು ಮೊನೆ ಏಳುತ್ತದೆ. ಮೊನೆಗಳ ನಡುವಿನ ಅಂತರ ಅಳೆದರೆ ಮೆದುಳಿನ ನಡುಗೆರೆ ನಡುವೆಯೇ ಇದೆಯೋ, ಒಳಗಿನ ನೀರಿನ ಕೋಣೆಗಳು ಹಿಗ್ಗಿವೆಯೋ ಎಂದು ತಿಳಿಯುತ್ತದೆ.

ಇದನ್ನು ಡಾಕ್ಟರು ನನಗೆ ನಿಧಾನವಾಗಿ ವಿವರಿಸಿದ್ದರು. ನಾನು ಯಂತ್ರ ಕೆಲಸ ಮಾಡುವುದನ್ನು ನೋಡದೆಯೇ, ಸುದ್ದಿ ಒಯ್ಯುವ ಬಸ್ಸಿನ ಹೊತ್ತಾಯಿತೆಂದು ಅವಸರದಲ್ಲಿ ಬರೆದೆ: ‘ಮಗುವಿನ ತಲೆಯೊಳಗಿರುವುದನ್ನು ತೋರಿಸುವ ಯಂತ್ರ ದುರ್ಗಕ್ಕೆ ಬಂದಿದೆ.’ ತೋರಿಸುವ! ಅದು ಏನನ್ನೂ ತೋರಿಸುತ್ತಿರಲಿಲ್ಲ. ಕೇಳಿಸಿಕೊಂಡದ್ದನ್ನು ಗೆರೆ ಎಳೆದು ಹೇಳುತ್ತಿತ್ತು, ಅಷ್ಟೇ. ಪತ್ರಿಕೆಯ ಕಚೇರಿಯ ಉಪಸಂಪಾದಕರು ‘ಮಗುವಿನ’ ಎಂಬ ಪದಕ್ಕೆ ಜಾಗವಿಲ್ಲವೆಂದು ಅದನ್ನೂ ತೆಗೆದು ತಲೆಬರಹ ಕೊಟ್ಟರು.

ಮೂರನೆಯ ದಿನ ಡಾಕ್ಟರು ಹೇಳಿಕಳಿಸಿದರು. ಹೋದಾಗ ಆಸ್ಪತ್ರೆಯ ಜಗುಲಿಯಲ್ಲಿ ಹಿರಿಯೂರಿನಿಂದ ಬಂದ ದಂಪತಿ ಕುಳಿತಿದ್ದರು. ಹೆಂಗಸು ಡಾಕ್ಟರಿಗೆ ಹೇಳುತ್ತಿದ್ದಳು: “ನಮ್ಮನೆಯವ್ರ ತಲ್ಯಾಗೆ ಏನೈತೆ ಅಂತ ಇಪ್ಪತ್ತು ವರ್ಷದಿಂದ ನೋಡ್ಬೇಕು ಅಂದ್ಕಂಡಿದೀನಿ ಡಾಕ್ಟ್ರಮ್ಮ. ಒಂದೀಟು ನೋಡಿ ಹೇಳಿಬಿಡ್ರಿ.”

ಗಂಡ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಏನೂ ಇಲ್ಲ ಅಂತ ದಿನಾ ನೀನೇ ಹೇಳ್ತೀಯಲ್ಲೇ, ಅದ್ಕೆ ಮಿಷಿನ್ ಬ್ಯಾರೆ ಯಾಕೆ?” ಎಂದ.

ಡಾಕ್ಟರು ಅವರನ್ನು ಸಮಾಧಾನಪಡಿಸಿ ಕಳಿಸಿ ನನ್ನ ಕಡೆ ತಿರುಗಿದರು. “ನಿಮ್ಮ ಒಂದು ಮಾತಿಗೆ ಮೂರು ದಿನದಿಂದ ಇದೇ ಕತೆ. ಮುಂದೆ ಬರೆಯೋಕೆ ಮುಂಚೆ ನೋಡ್ರಿ. ನಾಳೆ ಬೆಳಗ್ಗೆ ಬಂದು ಆ ಮೂಲೆಯ ಸ್ಟೂಲಿನ ಮೇಲೆ ಕುಂತ್ಕಳ್ರಿ. ಮಾತಾಡಬಾರದು.” ದಂಡನೆ ನ್ಯಾಯವಾಗಿತ್ತು, ಒಪ್ಪಿಕೊಂಡೆ.

ಮರುದಿನ ಬೆಳಗ್ಗೆ ನಾನು ಸ್ಟೂಲಿನ ಮೇಲಿದ್ದಾಗ ಕರಿಯಮ್ಮ ಬಂದಳು. ಹಾಲುರಾಮೇಶ್ವರದ ಕಡೆಯ ಒಂದು ಹಟ್ಟಿಯ, ಕುರಿ ಸಾಕುವ ಮನೆತನದ ಹೆಂಗಸು. ಅರವತ್ತರ ಆಸುಪಾಸು, ಹೆಗಲ ಮೇಲೆ ಕರಿಯ ಕಂಬಳಿ. ಜೊತೆಗೆ ಚೊಚ್ಚಲ ಬಾಣಂತಿ ಮಗಳು ಹನುಮಕ್ಕ, ಅವಳ ಮಡಿಲಲ್ಲಿ ಇನ್ನೂ ಹೆಸರಿಡದ ಗಂಡುಕೂಸು. ದಿನ ತುಂಬುವ ಮೊದಲೇ ಹುಟ್ಟಿದ ಮಗು. ಮೈ ಬೆಳೆಯುವುದಕ್ಕಿಂತ ತಲೆ ಬೇಗ ಬೆಳೆಯುತ್ತಿದೆಯೆಂದು ಹೊಸದುರ್ಗದ ಡಾಕ್ಟರು ಟೇಪು ಹಿಡಿದು ಗಮನಿಸಿ, ಬೆಂಗಳೂರಿಗೆ ಹೋಗಿರೆಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದು ಹೊಸದುರ್ಗದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ನಮ್ಮ ಪತ್ರಿಕೆಯ ಏಜೆಂಟ್ ತಿಪ್ಪೇಸ್ವಾಮಿ ನನ್ನ ಸುದ್ದಿಯನ್ನು ಅವರಿಗೆ ಓದಿ ಹೇಳಿದ್ದ. ತಿಪ್ಪೇಸ್ವಾಮಿ ಪತ್ರಿಕೆ ಮಾರುತ್ತಿದ್ದದ್ದಷ್ಟೇ ಅಲ್ಲ, ಓದಲು ಬಾರದವರಿಗೆ ಓದಿ, ಕೊನೆಗೆ ತನ್ನದೂ ಎರಡು ಮಾತು ಸೇರಿಸುತ್ತಿದ್ದ. ಅವರು ಬೆಂಗಳೂರಿನ ಬಸ್ಸು ಬಿಟ್ಟು ದುರ್ಗದ ಬಸ್ಸು ಹತ್ತಿದರು.

“ಪೇಪರ್ನಾಗೆ ಬಂದೈತಂತಲ್ರಿ, ತಲೆ ಒಳಗೆ ಇರೋದನ್ನ ತೋರುಸ್ತೀರಂತೆ” ಎಂದಳು ಕರಿಯಮ್ಮ. “ಸೂಜಿ ಇಲ್ಲ, ಕತ್ರಿ ಇಲ್ಲ ಅಂದ ತಿಪ್ಪೇಸ್ವಾಮಿ.”

ಡಾಕ್ಟರು ನನ್ನನ್ನು ನೋಡಲಿಲ್ಲ. ನೋಡದಿದ್ದುದೇ ಹೆಚ್ಚು ನೋಯಿಸಿತು. ಒಂದು ಪದದ ಅವಸರ ಒಂದು ಕೂಸನ್ನು ದಾರಿ ತಪ್ಪಿಸಿ ನನ್ನೆದುರು ತಂದು ಕೂರಿಸಿತ್ತು.

ಸರೋಜಮ್ಮನೆಂಬ ನರ್ಸು ಮಗುವನ್ನು ಎತ್ತಿಕೊಂಡರು. ಹೊಳಲ್ಕೆರೆಯವರು, ಶುಚಿಯಲ್ಲಿ ಯಾರಿಗೂ ಸೋಲದವರು. ಹಳ್ಳಿಯಿಂದ ಬಂದ ಪ್ರತಿ ಕೂಸಿನ ತಲೆಯ ಎಣ್ಣೆ ಜಿಡ್ಡನ್ನು ಸೋಪು ಹಚ್ಚಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಮೇಲೆ ಪೌಡರ್ ಉದುರಿಸಿ ಡಾಕ್ಟರ ಮುಂದೆ ತರುವುದು ಅವರ ಪದ್ಧತಿ. ಈ ಕೂಸಿಗೂ ಹಾಗೇ ಆಯಿತು. ಬೇಗ ಹುಟ್ಟಿದ ಮಗುವಾದರೂ ತಲೆತುಂಬ ಕಪ್ಪು ಹುಟ್ಟುಗೂದಲು. ಪೌಡರಿನಲ್ಲಿ ಅದು ಬೂದಿಯಲ್ಲಿ ಹೊರಳಿದ ಮರಿಯಂತೆ ಕಾಣುತ್ತಿತ್ತು.

ಡಾಕ್ಟರು ಕಡ್ಡಿಯ ತುದಿಗೆ ನೀರಿನಂಥ ತೆಳು ಎಣ್ಣೆ ಸವರಿ ಕಿವಿಯ ಮೇಲೆ ಇಟ್ಟರು. ಟ್ಯೂಬಿನಲ್ಲಿ ಬರುತ್ತಿದ್ದ ಗಟ್ಟಿ ಜೆಲ್ಲಿ ಮುಗಿದು, ಹೊಸದು ಮದರಾಸಿನಿಂದ ಇನ್ನೂ ಬಂದಿರಲಿಲ್ಲ. ಗಾಜಿನಲ್ಲಿ ಹಸಿರು ಗೆರೆ ಗಡಗಡ ನಡುಗಿತು. ಮೊದಲಲ್ಲೇ ಒಂದು ಒರಟು ಮೊನೆ, ಆಚೆಗೆಲ್ಲ ಹುಲ್ಲು ಕೊಯ್ದ ಹೊಲದಂತೆ ಗಜಿಬಿಜಿ. ಆ ಕಡೆಯಿಂದ ಇಟ್ಟರೂ ಅದೇ. ಮಗು ಅತ್ತಿತು, ಮಲಗಿತು, ಮತ್ತೆ ಅತ್ತಿತು. ಗೆರೆ ಮಾತ್ರ ಏನನ್ನೂ ಹೇಳಲಿಲ್ಲ.

ಕರಿಯಮ್ಮ ಮುಂದೆ ಬಾಗಿ, “ಅಲ್ರೀ ಡಾಕ್ಟ್ರಮ್ಮ, ಮ್ಯಾಲೆ ಬಾಗ್ಲು ತೆರ್ಕಂಡೈತೆ, ನೀವ್ಯಾಕೆ ಪಕ್ಕದ ಗ್ವಾಡೆ ತಟ್ತೀರಿ?” ಎಂದಳು.

ಡಾಕ್ಟರಿಗೆ ಆ ಚಿಂತೆಯಲ್ಲೂ ನಗು ಬಂತು. “ಈ ಪೆಟ್ಟಿಗೆಗೆ ಗೋಡೆ ತಟ್ಟೋದಷ್ಟೇ ಗೊತ್ತು ಕಣಜ್ಜಿ. ಬಾಗಿಲಿಂದ ನೋಡೋ ಪೆಟ್ಟಿಗೆ ಇನ್ನೂ ನಮ್ಮ ತನಕ ಬಂದಿಲ್ಲ.”

ಆ ಮಾತು ತಮಾಷೆಯಾಗಿರಲಿಲ್ಲವೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಮುಂದಿನ ವರ್ಷಗಳಲ್ಲಿ ನೆತ್ತಿಯ ಆ ಮೆತ್ತನೆಯ ಕಿಂಡಿಯ ಮೇಲೆಯೇ ಕಡ್ಡಿಯಿಟ್ಟು ಮೆದುಳಿನ ಚಿತ್ರವನ್ನೇ ಬಿಡಿಸುವ ಯಂತ್ರಗಳು ಬಂದವು. ಇಂದು ದೊಡ್ಡಾಸ್ಪತ್ರೆಗಳಲ್ಲಿ ಅದು ದಿನನಿತ್ಯದ ಮಾತು. ಎಳೆಯ ಎಲುಬೂ ಸದ್ದನ್ನು ಒಂದಿಷ್ಟಾದರೂ ನುಂಗುತ್ತದೆ, ನೆತ್ತಿ ನುಂಗುವುದಿಲ್ಲ. ಇಷ್ಟು ಸರಳವಾದದ್ದು ಪಂಡಿತರಿಗೆ ತಡವಾಗಿ ಹೊಳೆಯಿತೆಂದು ಹಳಿಯಬೇಕಿಲ್ಲ. ಬಾಗಿಲು ಕಾಣುವುದು ಒಂದು, ಅದರೊಳಗೆ ಹೋಗಬಲ್ಲ ಕಾಲು ಬೆಳೆಸಿಕೊಳ್ಳುವುದು ಇನ್ನೊಂದು.

ಆದರೆ ಆ ಬೆಳಗ್ಗೆ ನಮ್ಮೆದುರು ಇದ್ದದ್ದು ಆ ಹಳೆಯ ಪೆಟ್ಟಿಗೆ ಮಾತ್ರ. ಡಾಕ್ಟರು ಮಗುವನ್ನು ತಾಯಿಗೆ ಕೊಟ್ಟು, ಇದ್ದುದನ್ನು ಇದ್ದಂತೆ ಹೇಳಿದರು. ಒಳಗೆ ನೀರು ಒತ್ತುತ್ತಿದ್ದರೆ ತಡಮಾಡುವಂತಿಲ್ಲ. ಒತ್ತುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಒಂದೋ ಈ ಗೆರೆ ಮಾತಾಡಬೇಕು, ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಅಲ್ಲಿ ನೆತ್ತಿಯ ಮೂಲಕ ಸೂಜಿ ಇಳಿಸಿ, ನೀರು ತೆಗೆದು, ಅದರ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ಹಿಡಿಯುತ್ತಾರೆ. ಆ ಕಾಲದಲ್ಲಿ ಅದೇ ದಾರಿ. ಇಷ್ಟು ಎಳೆಯ, ಇಷ್ಟು ಬಡಕಲು ಮೈಗೆ ಅದು ಸಣ್ಣ ಸಂಗತಿಯಲ್ಲ.

“ನಾಳೆ ಬೆಳಗ್ಗೆ ಇನ್ನೊಂದು ಸಲ ನೋಡ್ತೀನಿ” ಎಂದರು. “ಕಾಣದೇ ಹೋದ್ರೆ ಮಧ್ಯಾಹ್ನದ ಬಸ್ಸಿಗೆ ನಾನೇ ಕಾಗದ ಕೊಟ್ಟು ಕಳಿಸ್ತೀನಿ.”

ಸರೋಜಮ್ಮ ಒಂದು ಉಪಾಯ ಹೇಳಿದರು. ಕೂದಲು ದಟ್ಟವಾಗಿದೆ, ಕಿವಿಯ ಮೇಲೆ ಎರಡೂ ಕಡೆ ಅಂಗೈಯಗಲ ಬೋಳಿಸಿಬಿಟ್ಟರೆ ಕಡ್ಡಿ ಚರ್ಮಕ್ಕೆ ಅಂಟಿ ಕೂರುತ್ತದೆ. ಮಾತು ಸರಿಯಾಗಿಯೇ ಇತ್ತು. ಆದರೆ ಅದು ಕರಿಯಮ್ಮನ ಕಿವಿಗೆ ಬಿದ್ದದ್ದು ಬೇರೆ ರೀತಿಯಲ್ಲಿ.

“ಕೂದ್ಲು ಮುಟ್ಬ್ಯಾಡ್ರಿ!” ಎಂದು ಅವಳು ಎದ್ದೇ ನಿಂತಳು. “ಅದು ಹುಟ್ಟುಗೂದ್ಲು. ಮನೆದೇವ್ರಿಗೆ ಮುಡಿ ಕೊಡ್ತೀವಿ ಅಂತ ಹರಸ್ಕಂಡಿದೀವಿ. ಏಳು ತಿಂಗ್ಳಿಗೆ ಹುಟ್ಟಿದ್ದು ಉಳ್ಕಂಡಿರೋದೇ ಅದ್ರ ಮ್ಯಾಲೆ. ದೇವ್ರ ಸೊತ್ತಿಗೆ ಕತ್ತಿ ಹಾಕ್ತೀರೇನು?”

ಹನುಮಕ್ಕ ತಲೆ ಎತ್ತದೆಯೇ, “ತೆಗೀಲಿ ಬಿಡವ್ವಾ” ಎಂದಳು. “ಕೂದ್ಲು ಇನ್ನೊಂದು ದಪ ಬರ್ತೈತೆ.”

“ಏನಂದೆ?”

“ನೆತ್ತಿಗೆ ಸೂಜಿ ಹಾಕ್ತಾರಂತೆ, ಕೇಳಿಸ್ಲಿಲ್ವಾ ನಿಂಗೆ? ದೇವ್ರಿಗೆ ನಾನು ತಪ್ಪು ಕಾಣಿಕೆ ಕಟ್ತೀನಿ. ಕೂಸಿಗೆ ಏನು ಕಟ್ಲಿ?”

ಕರಿಯಮ್ಮ ಮತ್ತೆ ಕುಳಿತಳು. ತಾಯಿ ಮಗಳ ನಡುವೆ ಆ ಕೂಸು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ಡಾಕ್ಟರು ಇಬ್ಬರ ಪಕ್ಷವನ್ನೂ ವಹಿಸಲಿಲ್ಲ. “ಇವತ್ತು ಯಾರೂ ಏನೂ ತೆಗೆಯೋದಿಲ್ಲ. ನಾಳೆ ಬೆಳಗ್ಗೆ ಇಬ್ರೂ ಒಂದೇ ಮಾತಾಗಿ ಬರ್ರಿ” ಎಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಪುಟದ ಕೆಳಗೆ ಒಂದು ಸಾಲಿದೆ: ‘ಇಬ್ಬರೂ ಸರಿ.’ ಅದು ಸುದ್ದಿಯಾಗುವ ಸಾಲಲ್ಲ. ಆದರೆ ಕಂಡದ್ದು ಅದೇ.

ಆ ಮಧ್ಯಾಹ್ನ ಆಸ್ಪತ್ರೆಯ ಹಿತ್ತಲಿನ ಬೇವಿನ ನೆರಳಲ್ಲಿ ಕರಿಯಮ್ಮ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಹನುಮಕ್ಕ ಸ್ವಲ್ಪ ದೂರದಲ್ಲಿ ಮುಖ ತಿರುಗಿಸಿಕೊಂಡು ಮಲಗಿದ್ದಳು. ಸ್ಟೂಲಿನ ಶಿಕ್ಷೆ ಮುಗಿಸಿ ಹೊರಟಿದ್ದ ನನ್ನನ್ನು ಅಜ್ಜಿ ಕರೆದಳು. “ಏನಪ್ಪ, ನೀನೇ ಅಂತಲ್ಲ ಪೇಪರ್ಗೆ ಬರ್ದೋನು?”

ಹೌದೆಂದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. “ನಾನು ಬರೆದದ್ದು ಪೂರ್ತಿ ಸರಿಯಲ್ಲ ಅಜ್ಜಿ. ಯಂತ್ರ ತೋರಿಸೋದಿಲ್ಲ. ಒಳಗಿನಿಂದ ಬರೋ ಸದ್ದು ಕೇಳಿಸಿಕೊಳ್ಳುತ್ತೆ, ಅಷ್ಟೇ.”

“ಕೇಳ್ತೈತೆ ಅಂದ್ರೆ ಇನ್ನೂ ಚಲೋ ಆತು. ಕುರಿಗೆ ಹೊಟ್ಟೆ ಉಬ್ರಿದ್ರೆ ನಾವೂ ತಟ್ಟಿ ಕಿವಿ ಇಟ್ಟೇ ನೋಡೋದು” ಎಂದು ಕೂಸಿನ ತಲೆ ಸವರಿದಳು. ಬೆರಳಿಗೆ ಪೌಡರು ಹತ್ತಿತು. ಅದನ್ನು ನೋಡಿ ಅವಳ ಮುಖ ಕಹಿಯಾಯಿತು. “ನೋಡಪ್ಪ, ಹೆಂಗ್ ಒಣಗ್ಸಿ ಇಕ್ಕವ್ರೆ! ಉಣ್ಣೆ ಕತ್ತರಿಸೋ ಕುರೀನೂ ಹಿಂಗ್ ಒಣಗ್ಸಲ್ಲ.” ಸೊಂಟದ ಚೀಲದಿಂದ ಒಂದು ಚಿಕ್ಕ ಸೀಸೆ ತೆಗೆದಳು. ಆಸ್ಪತ್ರೆಯಲ್ಲಿ ಎಣ್ಣೆ ಹಚ್ಚಕೂಡದೆಂಬ ಆಜ್ಞೆ ಗೋಡೆಯ ಮೇಲೇ ಬರೆದಿತ್ತು; ಅವಳಿಗೆ ಓದು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ನಾನು ಸುಮ್ಮನಿದ್ದೆ. ವರದಿಗಾರ ಘಟನೆಯಲ್ಲಿ ಕೈ ಹಾಕಬಾರದೆಂಬ ನಿಯಮ ಆಗಾಗ ಹೀಗೆ ಅನುಕೂಲಕ್ಕೂ ಒದಗುತ್ತದೆ.

ಅವಳು ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಬರಿಯ ನೆತ್ತಿಗಲ್ಲ, ಇಡೀ ತಲೆಗೆ, ಕೂದಲ ಬುಡಬುಡಕ್ಕೂ ಬೆರಳಾಡಿಸಿ ತಿಕ್ಕಿದಳು. ಬೆಳಗ್ಗೆ ಅವರು ಮುಟ್ಟಿ ನೋಯಿಸಿದರೆಂದು ಕಿವಿಯ ಮೇಲಿನ ಎರಡೂ ಜಾಗಕ್ಕೆ ಇನ್ನಷ್ಟು. ಪೌಡರು ಕರಗಿ ಎಣ್ಣೆಯಲ್ಲಿ ಸೇರಿತು. ಅದನ್ನು ಸೆರಗಿನಿಂದ ಒರೆಸಿ ಮತ್ತೆ ಹಚ್ಚಿದಳು. ನಿಗುರಿ ನಿಂತಿದ್ದ ಕೂದಲು ಒಂದೊಂದೇ ಮಲಗಿ ಚರ್ಮಕ್ಕೆ ಅಂಟಿಕೊಂಡಿತು. ಕೂಸು ಅಂದು ಮೊದಲ ಬಾರಿಗೆ ಕೈಮುಷ್ಟಿ ಬಿಚ್ಚಿ ಮಲಗಿತು.

ಮರುದಿನ ಬೆಳಗ್ಗೆ ನಾನೂ ಮತ್ತೆ ಹೋಗಿದ್ದೆ. ಸರೋಜಮ್ಮ ಕೂಸನ್ನು ಎತ್ತಿಕೊಂಡವರೇ ಕೂಗಿದರು. “ಅಯ್ಯೋ, ಮತ್ತೆ ಎಣ್ಣೆ ಮೆತ್ತಿದೀರಾ! ಎಷ್ಟು ಸಲ ಹೇಳೋದು ನಿಮ್ಗೆ? ಕೂಸೋ, ಕಜ್ಜಾಯವೋ ಇದು? ತಡೀರಿ ಡಾಕ್ಟ್ರೇ, ಎರಡೇ ನಿಮಿಷ, ತೊಳೆದು ತರ್ತೀನಿ.”

“ಕಜ್ಜಾಯ ಆದ್ರೆ ನಿಂಗ್ ಕೊಡಲ್ಲ ಬಿಡವ್ವ” ಎಂದಳು ಕರಿಯಮ್ಮ. ಆದರೆ ದನಿಯಲ್ಲಿ ಕಸುವಿರಲಿಲ್ಲ. ಬೆಳಗಾಗುವುದರೊಳಗೆ ತಾಯಿ ಮಗಳು ಒಂದೇ ಮಾತಿಗೆ ಬಂದಿದ್ದರು: ಕೂದಲು ತೆಗೆಯಲಿ. ಸೋತವಳು ಕರಿಯಮ್ಮ. ಸೆರಗಿನ ತುದಿಯಲ್ಲಿ ದೇವರಿಗೆಂದು ತಪ್ಪು ಕಾಣಿಕೆಯನ್ನು ಆಗಲೇ ಕಟ್ಟಿಕೊಂಡಿದ್ದಳು.

ಡಾಕ್ಟರು ಮಗುವಿನ ತಲೆಯ ಮೇಲೆ ಬೆರಳಾಡಿಸಿದರು. ಒಮ್ಮೆ ಆಡಿಸಿ ನಿಂತರು. ಮತ್ತೆ, ನಿಧಾನವಾಗಿ, ಕಿವಿಯ ಮೇಲಿನ ಕೂದಲನ್ನು ಒತ್ತಿ ನೋಡಿದರು. ಅದು ಎಣ್ಣೆಯೊಳಗೆ ಮುಳುಗಿ ಚರ್ಮದೊಂದಿಗೆ ಒಂದಾಗಿತ್ತು.

“ತೊಳೀಬ್ಯಾಡ್ರಿ ಸರೋಜಮ್ಮ” ಎಂದರು. “ಕತ್ತೀನೂ ಬೇಡ. ಹೀಗೇ ಹಿಡ್ಕಳ್ರಿ. ಅಜ್ಜಿ, ಆ ಸೀಸೆ ಇತ್ಲಾಗೆ ಕೊಡ್ರಿ.”

ಹರಳೆಣ್ಣೆ ದಪ್ಪ ಎಣ್ಣೆ. ಇಟ್ಟಲ್ಲಿ ನಿಲ್ಲುತ್ತದೆ, ಹರಿದುಹೋಗುವುದಿಲ್ಲ. ಡಾಕ್ಟರು ಕಡ್ಡಿಯ ತುದಿಗೂ ಅದನ್ನೇ ಸವರಿ ಕಿವಿಯ ಮೇಲೆ ಊರಿದರು. ಗಾಜಿನಲ್ಲಿ ಹಸಿರು ಗೆರೆ ಒಮ್ಮೆ ಮಿಡುಕಿ, ತಿಳಿಯಾಯಿತು. ಹತ್ತಿರದ ಗೋಡೆಗೆ ಒಂದು ಮೊನೆ. ದೂರದ ಗೋಡೆಗೆ ಒಂದು. ಸರಿಯಾಗಿ ನಡುವೆ, ಬೆಳಗಿನ ಇಬ್ಬನಿಯಲ್ಲಿ ದೂರದ ಗಿಡ ಕಂಡ ಹಾಗೆ, ನೆಟ್ಟಗೆ, ಚೂಪಾಗಿ ಇನ್ನೊಂದು. ಅದರ ಎರಡೂ ಪಕ್ಕದಲ್ಲಿ ಎರಡು ಚಿಕ್ಕವು.

ಡಾಕ್ಟರು ಆ ಕಡೆಯಿಂದ ಇಟ್ಟರು, ಈ ಕಡೆಯಿಂದ ಇಟ್ಟರು, ಗಾಜಿನ ಮೇಲಿನ ಗೀಟುಗಳನ್ನು ಎಣಿಸಿ ಬರೆದರು, ಅಳಿಸಿದರು, ಮತ್ತೆ ಎಣಿಸಿದರು. ನಾನೂ ಅಂಕಿಗಳನ್ನು ಬರೆದುಕೊಂಡೆ. ಅವು ಇಲ್ಲಿ ಬೇಡ. ಕೊನೆಗೆ ಕಡ್ಡಿಯನ್ನು ಕೆಳಗಿಟ್ಟು ಹೇಳಿದರು: ನಡುಗೆರೆ ನಡುವೆಯೇ ಇದೆ. ನೀರಿನ ಕೋಣೆಗಳು ಇರಬೇಕಾದುದಕ್ಕಿಂತ ತುಸು ಅಗಲ. ಆದರೆ ಇಂದೇ ಸೂಜಿ ಹಾಕಬೇಕಾದಷ್ಟು ಅಲ್ಲ. ತಾನಾಗಿ ನಿಲ್ಲಲೂಬಹುದು, ಹೆಚ್ಚಲೂಬಹುದು. ಹೆಚ್ಚಿದರೆ ಬೆಂಗಳೂರು ತಪ್ಪದು. ಕಾದು, ಅಳೆದು ನೋಡಬೇಕು.

“ಅಂದ್ರೆ ಇವತ್ತು ಬ್ಯಾಡ?” ಎಂದಳು ಹನುಮಕ್ಕ.

“ಇವತ್ತು ಬೇಡ.”

ಅವಳು ತಾಯಿಯ ಹೆಗಲಿಗೆ ಹಣೆ ಆನಿಸಿದಳು. ಹಿಂದಿನ ದಿನದಿಂದ ಇಬ್ಬರ ಮೈ ತಾಕಿದ್ದು ಆಗಲೇ.

ಏನಾಯಿತೆಂದು ನಾನು ಕೇಳಿದೆ. ಮಾತಾಡಬಾರದೆಂಬ ಶಿಕ್ಷೆ ಮುಗಿದಿತ್ತು. ಡಾಕ್ಟರು ಹೇಳಿದರು: ಆ ಸೂಕ್ಷ್ಮ ಸದ್ದಿಗೆ ಮಾಂಸ ಅಡ್ಡಿಯಲ್ಲ, ನೀರು ಅಡ್ಡಿಯಲ್ಲ, ಕೂಸಿನ ತೆಳು ಎಲುಬೂ ಅಷ್ಟಾಗಿ ಅಡ್ಡಿಯಲ್ಲ, ಅಡ್ಡಿಯಾಗುವುದು ಗಾಳಿ. ಕಡ್ಡಿಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಸದ್ದು ಅಲ್ಲಿಂದಲೇ ಹಿಂದಿರುಗಿಬಿಡುತ್ತದೆ, ಒಳಗೆ ಕಾಲಿಡುವುದೇ ಇಲ್ಲ. ಶುಭ್ರವಾಗಿ ಒಣಗಿಸಿದ ಕೂದಲಲ್ಲಿ, ಅದರ ಮೇಲಿನ ಪೌಡರಿನಲ್ಲಿ ಗಾಳಿಯೇ ಗಾಳಿ. ನಾವು ನಿನ್ನೆ ಅಳೆದದ್ದು ನಮ್ಮ ಪೌಡರನ್ನೇ ಎಂದರು. ಇದನ್ನು ಕೇಳಿ ಸರೋಜಮ್ಮ ಪೌಡರಿನ ಡಬ್ಬಿಯನ್ನು ಕಪಾಟಿನ ಮೇಲಿನ ಅರೆಗೆ ಏರಿಸಿದರು. ಅವರ ಮುಖ ಸಣ್ಣದಾದದ್ದನ್ನು ಕಂಡು ಕರಿಯಮ್ಮ, “ನೀನೇನು ಕೆಟ್ಟದ್ಕೆ ಮಾಡಿದ್ಯಾ? ಬಾರವ್ವ, ಎತ್ಕ ಕೂಸ್ನ” ಎಂದು ಮಗುವನ್ನು ಅವರ ಕೈಗೇ ಕೊಟ್ಟಳು.

ಗೆಳೆಯರೇ, ಅಜ್ಜಿ ಗೆದ್ದಳು ಆಸ್ಪತ್ರೆ ಸೋತಿತು ಎಂದು ಬರೆದಿದ್ದರೆ ಸುದ್ದಿಗೆ ಒಳ್ಳೆಯ ತಲೆಬರಹ ಸಿಗುತ್ತಿತ್ತು. ಅದು ನಿಜವಲ್ಲ. ಅಜ್ಜಿ ಎಣ್ಣೆ ಹಚ್ಚಿದ್ದು ಯಂತ್ರಕ್ಕಾಗಿ ಅಲ್ಲ. ಅದೇ ಎಣ್ಣೆಯನ್ನು ಕೂಸಿನ ಕಿವಿಗೂ ಮೂಗಿಗೂ ಬಿಡುವ ವಾಡಿಕೆಯನ್ನು ಡಾಕ್ಟರು ಅಂದೇ ಆಣೆ ಹಾಕಿಸಿ ಬಿಡಿಸಿದರು. ಅದರಿಂದ ಶ್ವಾಸಕೋಶ ಕೆಟ್ಟ ಕೂಸುಗಳನ್ನು ಅವರು ಕಂಡಿದ್ದರು. ಡಾಕ್ಟರ ಬೆರಳು ಆ ಬೆಳಗ್ಗೆ ಒಂದು ಗಳಿಗೆ ನಿಂತು ಯೋಚಿಸದಿದ್ದರೆ ಎಣ್ಣೆ ಸೋಪಿನ ನೀರಲ್ಲಿ ಹರಿದುಹೋಗುತ್ತಿತ್ತು. ಒಬ್ಬಳ ಅಕ್ಕರೆ, ಇನ್ನೊಬ್ಬಳ ಅರಿವು, ಎರಡೂ ಒಂದೇ ತಲೆಯ ಮೇಲೆ ಬಂದು ಸೇರಿದ್ದು ಆಕಸ್ಮಿಕ. ಆದರೆ ಆ ದಿನದಿಂದ ನಾನು ಯಾರ ಮುಂದೆ ಪುಸ್ತಕ ಬಿಚ್ಚಿ ಕುಳಿತರೂ ಗಾಳಿಯ ಮಾತು ನೆನಪಾಗುತ್ತದೆ. ಕೇಳುವವನಿಗೂ ಹೇಳುವವರಿಗೂ ನಡುವೆ ತೆಳ್ಳನೆಯ ಒಂದು ಒಣ ಪದರ ಉಳಿದಿರುತ್ತದೆ: ನನ್ನ ಅವಸರ, ನನ್ನ ಇಸ್ತ್ರಿ ಅಂಗಿ, ಬಸ್ಸಿನ ಹೊತ್ತು. ಎಷ್ಟೋ ಸಲ ನಾನು ಬರೆದುಕೊಂಡು ಬಂದದ್ದು ಆ ಪದರದಿಂದ ತಿರುಗಿದ ನನ್ನದೇ ಸದ್ದಿರಬೇಕು.

ಮುಂದಿನ ಪ್ರಶ್ನೆ ಅಳೆಯುವುದು ಹೇಗೆಂಬುದು. ಎಳೆಗೂಸನ್ನು ವಾರವಾರವೂ ಎರಡು ಬಸ್ಸು ಬದಲಿಸಿ ಧೂಳಿನಲ್ಲಿ ತರುವುದು ಡಾಕ್ಟರಿಗೆ ಇಷ್ಟವಿರಲಿಲ್ಲ. ಟೇಪಿನ ಅಂಕಿ ಹಟ್ಟಿಯಲ್ಲಿ ಓದುವವರಿರಲಿಲ್ಲ. ತಲೆಯ ಸುತ್ತಳತೆಗೆ ದಾರ ಸುತ್ತಿ, ಕೂಡುವಲ್ಲಿ ಗಂಟು ಹಾಕಿದರಾಯಿತು ಎಂದ ಡಾಕ್ಟರು ಕರಿಯಮ್ಮನ ಕೈಯ ಕದಿರಿನಲ್ಲಿದ್ದ ಉಣ್ಣೆಯ ನೂಲಿನತ್ತ ಕೈಚಾಚಿದರು.

“ಉಣ್ಣೆ ಬ್ಯಾಡ್ರಿ” ಎಂದಳು ಅವಳು. “ಎಳದ್ರೆ ಬರ್ತೈತೆ. ನಮ್ಗೆ ಹೆಂಗ್ ಬೇಕೋ ಹಂಗ್ ಹೇಳ್ತೈತೆ ಅದು. ಹತ್ತಿ ದಾರ ಕೊಡ್ರಿ, ಬಿಗಿ ಹುರಿದು.”

ಸಾಕ್ಷಿಯನ್ನು ಹೀಗೆ ಪರೀಕ್ಷಿಸುವವರನ್ನು ನಾನು ಕಂಡದ್ದು ಅಪರೂಪ. ಅದೂ ತನಗೆ ಬೇಕಾದ ಉತ್ತರವನ್ನೇ ಹೇಳಬಲ್ಲ ಸಾಕ್ಷಿಯನ್ನು. ಡಾಕ್ಟರು ಹತ್ತಿಯ ಹುರಿ ಕೊಟ್ಟರು. ಅಂದಿನ ಅಳತೆಗೆ ಒಂದು ಗಂಟು. ಅದರಾಚೆಗೆ, ಒಂದು ವಾರದಲ್ಲಿ ತಲೆ ಬೆಳೆಯಬಹುದಾದ ಮಿತಿಗೆ, ಕೆಂಪು ಶಾಯಿಯ ಗುರುತು. ವಾರಕ್ಕೊಂದು ಗಂಟು ಹಾಕಿ ದಾರ ಕಳಿಸಬೇಕು, ನೋಡಿ ಹೊಸ ಗುರುತು ಹಾಕಿ ಹಿಂದಿರುಗಿಸುತ್ತೇನೆ, ಗಂಟು ಕೆಂಪನ್ನು ದಾಟಿದರೆ ಅಂದೇ ಹೊರಡಬೇಕು. ನೆತ್ತಿ ಉಬ್ಬಿದರೆ, ಕೂಸು ಪದೇಪದೇ ಕಾರಿಕೊಂಡರೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿದರೆ ದಾರಕ್ಕೆ ಕಾಯಬೇಡಿ ಎಂದರು. ಕಳಿಸುವ ದಾರಿಯನ್ನು ನಾನು ಹೇಳಿದೆ. ತಿಪ್ಪೇಸ್ವಾಮಿ ದಿನವೂ ಹೊಸದುರ್ಗದ ಸುದ್ದಿಯನ್ನು ಲಕೋಟೆಯಲ್ಲಿ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದ. ಹಟ್ಟಿಯವರು ಹೊಸದುರ್ಗಕ್ಕೆ ಬರುವ ಸಂತೆಯ ದಿನದ ಲಕೋಟೆಯಲ್ಲಿ ದಾ‌ರವೂ ಬರಲಿ. ಆ ಕೂಸು ದಾರಿ ಬದಲಿಸಿದ್ದು ನನ್ನಿಂದ. ಅಷ್ಟಾದರೂ ನಾನು ಮಾಡಬೇಕಿತ್ತು.

ದಾರ ಬರತೊಡಗಿತು. ತಾಲ್ಲೂಕು ಕಚೇರಿಯ ಸಭೆ, ಕೊಬ್ಬರಿಯ ಧಾರಣೆ, ನೀರಿನ ದೂರು, ಇವುಗಳ ನಡುವೆ ಮಡಿಸಿಟ್ಟ ಒಂದು ಮೊಳದಷ್ಟು ಉದ್ದದ ಬಿಳಿಯ ಹುರಿ. ಮೊದಲ ವಾರದ ಗಂಟು ಕೆಂಪಿಗೆ ತೀರ ಹತ್ತಿರವಿತ್ತು. ಎರಡನೆಯ ವಾರದ್ದು ಕೆಂಪನ್ನು ಮುಟ್ಟಿಯೇ ಬಿಟ್ಟಿತ್ತು. ಡಾಕ್ಟರು ಹುರಿಯನ್ನು ಟೇಪಿನ ಪಕ್ಕದಲ್ಲಿ ಮೂರು ಸಲ ಇಟ್ಟು ನೋಡಿ, ಬೆಂಗಳೂರಿನ ಆಸ್ಪತ್ರೆಗೆ ಕಾಗದ ಬರೆದು, ಸಹಿ ಹಾಕಿ, ತಾರೀಖು ಹಾಕದೆ ಮೇಜಿನ ಖಾನೆಯಲ್ಲಿಟ್ಟರು. ಮೂರನೆಯ ವಾರ ಗಂಟು ಆ ವಾರದ ಹೊಸ ಕೆಂಪಿನಿಂದ ಹಿಂದೆ ಉಳಿಯಿತು. ನಾಲ್ಕನೆಯದು ಇನ್ನಷ್ಟು ಹಿಂದೆ. ಗಂಟುಗಳು ಒಂದರ ಪಕ್ಕಕ್ಕೊಂದು ಸರಿದು ಬರುತ್ತಿದ್ದವು. ಖಾನೆಯ ಕಾಗದ ಮಾತ್ರ ಅಲ್ಲೇ ಇತ್ತು.

ಹೀಗೇ ನಾಲ್ಕೈದು ತಿಂಗಳು ಕಳೆದ ಮೇಲೆ ಒಂದು ಸಂತೆಯ ದಿನ ಲಕೋಟೆಯಲ್ಲಿ ದಾರವಿರಲಿಲ್ಲ. ಸುದ್ದಿಯ ಹಾಳೆಗಳನ್ನು ಕೊಡವಿದೆ, ಬೀಳಲಿಲ್ಲ. ಒಂದು ಚೀಟಿ ಇತ್ತು. ಅದನ್ನು ನಿಂತಲ್ಲೇ ಓದಿ, ನನ್ನ ವರದಿಯನ್ನು ಅರ್ಧಕ್ಕೆ ಬಿಟ್ಟು ಆಸ್ಪತ್ರೆಗೆ ನಡೆದೆ. ಡಾಕ್ಟರು ನನ್ನ ಬರಿಗೈ ನೋಡಿ ಖಾನೆಯತ್ತ ಕೈ ಚಾಚಿದರು. ನಾನು ಚೀಟಿ ಕೊಟ್ಟೆ. ತಿಪ್ಪೇಸ್ವಾಮಿಯ ಬರಹ, ಮಾತು ಕರಿಯಮ್ಮನದು, ಈ ಸಲ ಅವನು ತನ್ನದೇನನ್ನೂ ಸೇರಿಸಿರಲಿಲ್ಲ.

‘ಡಾಕ್ಟ್ರಮ್ಮನಿಗೆ. ಅಳೆಯಕ್ಕೆ ಹೋದ್ರೆ ದಾರ ಹೋದ ಕಡೆ ಕಣ್ಣು ಹೊಳ್ಳಿಸ್ತೈತೆ. ಕೈ ಚಾಚಿ ಕಿತ್ಕಂಡು ಬಾಯಿಗಿಕ್ಕಂತು. ಬಿಡಿಸ್ಕಳಕ್ಕೆ ಹೋದ್ರೆ ನಗ್ತೈತೆ, ಕೊಡ್ತಿಲ್ಲ. ಬ್ಯಾರೆ ದಾರ ಕಳ್ಸಿ.’

ಡಾಕ್ಟರು ಅದನ್ನು ಎರಡು ಸಲ ಓದಿದರು. ಕಣ್ಣು ಕಂಡಿದೆ, ಕೈ ಚಾಚಿದೆ, ಬಾಯಿ ಹುಡುಕಿಕೊಂಡಿದೆ ಎಂದು ತಮಗೆ ತಾವೇ ಎಂಬಂತೆ ಅಂದರು. ಆಮೇಲೆ ರಿಜಿಸ್ಟರ್ ತೆರೆದು, ಆ ವಾರದ ಸುತ್ತಳತೆ ಬರೆಯಬೇಕಿದ್ದ ಖಾಲಿ ಅಂಕಣದಲ್ಲಿ, ತಮ್ಮ ಚಿಕ್ಕ ನೀಟಾದ ಅಕ್ಷರಗಳಲ್ಲಿ ಬರೆದರು: ‘ದಾರ ಕೊಡುತ್ತಿಲ್ಲ.’